ಬ್ಯಾಗ್ ಬಂದಿಲ್ಲವಾ? ಶಾರದಕ್ಕನನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡೋಕೆ, ಸುಮ್ನೆ ಸುತ್ತಾಡೋಕೆ ಅಂತ ಅರ್ಧ ಗುಂಪು ವಿಮಾನ ಹತ್ತುತ್ತಿದೆ. ದಿನಾ ಯಾರದ್ದಾದರೂ ಬ್ಯಾಗಿನ ಗೋಳು ಇದ್ದೇ ಇರುತ್ತದೆ. ಅದಕ್ಕೇ ಶಾರದಕ್ಕನನ್ನು ಹಿಡಿದು ಕೂರಿಸಿದ್ದೇವೆ. ಎಚ್‌ಎಎಲ್‌ನ ಹಳೇ ಏರ್‌ಪೋರ್ಟಿನಲ್ಲಿ ಕೆಲಸಕ್ಕೆ ಸೇರಿ, ದೇವನಹಳ್ಳಿಯಲ್ಲಿ ನಿವೃತ್ತರಾದವರು. 24 ವರ್ಷ ಬ್ಯಾಗೇಜ್ ಕೌಂಟರಿನಲ್ಲೇ ನಿಂತವರು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಶಾರದಾ: ನಮಸ್ಕಾರ. ಕೇಳೋ ಮುಂಚೆ ಇದನ್ನು ಓದಿ. ಇಳಿದ ಮೇಲೆ ಬ್ಯಾಗ್ ಬರೋ ಹಾಲ್‌ನಲ್ಲಿ ಬೆಲ್ಟ್ ನಿಂತಿದೆ, ನಿಮ್ಮ ಬ್ಯಾಗ್ ಬಂದಿಲ್ಲ ಅಂದರೆ ಹೊರಗೆ ಹೋಗಬೇಡಿ. ಆ ಹಾಲ್‌ನಲ್ಲೇ ಬ್ಯಾಗೇಜ್ ಕೌಂಟರ್ ಇರುತ್ತದೆ. ಅಲ್ಲಿ ಪಿಐಆರ್ ಅಂತ ಒಂದು ದೂರು ಬರೆಸಿಕೊಳ್ಳಿ. ಅದಕ್ಕೊಂದು ನಂಬರ್ ಕೊಡುತ್ತಾರೆ. ಮೊದಲ ಮೂರು ಅಕ್ಷರ ಏರ್‌ಪೋರ್ಟಿನದು, ಮುಂದಿನ ಎರಡು ಏರ್‌ಲೈನಿನದು, ಆಮೇಲೆ ಐದು ಅಂಕಿ. ಆ ನಂಬರ್ ಕೈಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ. ಕೊನೆಯ ವಿಮಾನ ಯಾರದ್ದೋ ಸಾಮಾನ್ಯವಾಗಿ ಅವರೇ ಇದನ್ನು ಬರೆದುಕೊಳ್ಳಬೇಕು.

ಲತಾ: ಅಕ್ಕ, ಜ್ಯೂರಿಕ್‌ನಲ್ಲಿ ಇಳಿದಾಗ ಗಮನಿಸಲಿಲ್ಲ. ಹೋಟೆಲಿಗೆ ಬಂದು ನೋಡಿದರೆ ಒಂದು ಚಕ್ರ ಕಿತ್ತುಹೋಗಿದೆ. ಟೂರ್ ಮ್ಯಾನೇಜರ್ ಈಗೇನೂ ಆಗಲ್ಲ ಅಂತಾರೆ.

ಶಾರದಾ: ಆಗುತ್ತದೆ. ಹಾನಿಯ ದೂರಿಗೆ ಬ್ಯಾಗ್ ಕೈಗೆ ಬಂದ ದಿನದಿಂದ 7 ದಿನ ಇದೆ. ಬರಹದಲ್ಲೇ ಕೊಡಬೇಕು, ಫೋನ್ ಮಾಡಿ ಹೇಳಿದ್ದು ಲೆಕ್ಕಕ್ಕಿಲ್ಲ. ಚಕ್ರದ ಫೋಟೋ, ಇಡೀ ಬ್ಯಾಗಿನ ಫೋಟೋ, ಟ್ಯಾಗಿನ ಚೀಟಿ ಸೇರಿಸಿ ಇವತ್ತೇ ಏರ್‌ಲೈನಿನ ವೆಬ್‌ಸೈಟಿನಲ್ಲಿ ಹಾಕಿ. ಹಾಲ್‌ನಲ್ಲೇ ಹೇಳಿದ್ದರೆ ಗಟ್ಟಿಯಾಗಿರುತ್ತಿತ್ತು. ಇರಲಿ.

ಸುಮಾ: ಅಕ್ಕ, ಸಿಂಗಪುರದ ಕಚೇರಿಗೆ ವೀಣೆ ತೆಗೆದುಕೊಂಡು ಹೋಗಬೇಕು. ಪೆಟ್ಟಿಗೆ ಇದೆ. ಚೆಕ್-ಇನ್ ಮಾಡಬಹುದಾ, ಸೀಟ್ ಬುಕ್ ಮಾಡಬೇಕಾ?

ನಾಗರಾಜ್: ಅಕ್ಕ, ಮುಂದಿನ ವಾರ ದುಬೈಗೆ ತಂಗಿ ಮನೆಗೆ ಹೋಗ್ತಿದ್ದೇವೆ. ಪಾಯಸಕ್ಕೆ ಅಂತ ಗಸಗಸೆ ಅರ್ಧ ಕೆಜಿ ಕೇಳಿದ್ದಾಳೆ. ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದರೆ ಸೋರುತ್ತಾ?

ಶಾರದಾ: ಸೋರೋದಿರಲಿ, ಜೈಲಿಗೆ ಹೋಗ್ತೀರಿ. ಯುಎಇಯಲ್ಲಿ ಗಸಗಸೆ ನಿಷೇಧ. ಸೌದಿ, ಸಿಂಗಪುರದಲ್ಲೂ ಅಷ್ಟೇ. ಅಲ್ಲಿ ಅದನ್ನು ಅಡುಗೆ ಸಾಮಾನು ಅಂತ ನೋಡಲ್ಲ, ಮಾದಕ ವಸ್ತು ಅಂತ ನೋಡುತ್ತಾರೆ. ಒಂದು ಚಮಚವೂ ಬೇಡ. ತಂಗಿಗೆ ಶಾವಿಗೆ ಪಾಯಸ ಮಾಡೋಕೆ ಹೇಳಿ.

ಹೇಮಂತ್: ಸುಮ್ನೆ ಹೆದರಿಸಬೇಡಿ ಅಕ್ಕ. ನಮ್ಮತ್ತೆ ಮೂರು ಸಲ ಒಯ್ದಿದ್ದಾರೆ, ಯಾರೂ ಕೇಳಿಲ್ಲ.

ಶಾರದಾ: ನಾಲ್ಕನೇ ಸಲ ಕೇಳಿದರೆ ನೀವು ಹೋಗಿ ಬಿಡಿಸಿಕೊಂಡು ಬರ್ತೀರಾ?

ಗುರುಮೂರ್ತಿ: ತಿಳಿದಿರಲಿ ಮಿತ್ರರೇ!! ಬ್ಯಾಗ್ 4 ಗಂಟೆ ತಡವಾದರೆ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಸ್ಥಳದಲ್ಲೇ 1 ಲಕ್ಷ ನಗದು ಕೊಡಬೇಕು. ಬ್ಯಾಗಿಗೆ ‘ಫ್ರಜೈಲ್’ ಸ್ಟಿಕರ್ ಅಂಟಿಸಿದರೆ ಮೊದಲು ಬರುತ್ತದೆ. ಕೆಂಪು ರಿಬ್ಬನ್ ಕಟ್ಟಿದರೆ ಕಳೆಯುವುದಿಲ್ಲ. ಹತ್ತು ಜನರಿಗೆ ಕಳಿಸಿ.

ಶಾರದಾ: ಗುರುಮೂರ್ತಿಯವರೇ, ಫಾರ್ವರ್ಡ್ ಬೇಡ ಅಂತ ಮೇಲೇ ಬರೆದಿದೆ. ಯಾರೂ ಸ್ಥಳದಲ್ಲೇ ನಗದು ಎಣಿಸಿ ಕೊಡುವುದಿಲ್ಲ. ಬೇರೆ ದೇಶಕ್ಕೆ ಹೋಗೋ ವಿಮಾನಗಳಿಗೆ ಸಾಮಾನ್ಯವಾಗಿ ಅನ್ವಯಿಸೋದು 1999ರ ಮಾಂಟ್ರಿಯಲ್ ಒಪ್ಪಂದ. ಅದರಲ್ಲಿ ಗರಿಷ್ಠ ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಅದು ಒಬ್ಬ ಪ್ರಯಾಣಿಕರಿಗೆ 1519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ), ಅಂದರೆ ಸುಮಾರು 2000 ಡಾಲರ್ ಚಿಲ್ಲರೆ. ಬ್ಯಾಗಿಗೆ ಇಷ್ಟು ಅಂತ ಅಲ್ಲ, ಪ್ರಯಾಣಿಕರಿಗೆ ಇಷ್ಟು. ಅದೂ ಎಷ್ಟು ನಷ್ಟ ಅಂತ ತೋರಿಸಿದರೆ ಅಷ್ಟು, ಅದರೊಳಗೆ. ರಿಬ್ಬನ್ ಕಟ್ಟಿದರೆ ಅದು ಕನ್ವೇಯರಿಗೆ ಸಿಕ್ಕಿಕೊಳ್ಳಬಹುದು. ಕಟ್ಟೋ ಬದಲು ಹಳೇ ಪ್ರಯಾಣದ ಬಾರ್‌ಕೋಡ್ ಸ್ಟಿಕರ್ ಇದ್ದರೆ ಕಿತ್ತು ಹಾಕಿ. ಯಂತ್ರ ಹಳೆಯದನ್ನು ಓದಿದರೆ ನಿಮ್ಮ ಬ್ಯಾಗ್ ದಾರಿ ತಪ್ಪುತ್ತದೆ.

ಪ್ರಕಾಶ್: 21 ದಿನ ಆದ ಮೇಲೆ ಬ್ಯಾಗ್ ಕಳೆದ ಹಾಗೇ ಅಲ್ವಾ? ಪೂರ್ತಿ ದುಡ್ಡು ಕೊಡಲೇಬೇಕು.

ಶಾರದಾ: 21 ದಿನಕ್ಕೆ ಕಳೆದಿದೆ ಅಂತ ಲೆಕ್ಕ, ಸರಿ. ‘ಪೂರ್ತಿ’ ಅನ್ನೋದು ತಪ್ಪು. ಮೇಲೆ ಬರೆದಿದ್ದೇನೆ.

ವಿನಯ್ (ಅಯೋವಾ): ಅಕ್ಕ, ತುಂಬಾ ಗಾಬರಿಯಲ್ಲಿದ್ದೇನೆ. ಅಮ್ಮ, 68 ವರ್ಷ, ಮೊದಲ ಸಲ ಒಬ್ಬರೇ ಬಂದಿದ್ದಾರೆ. ಬೆಂಗಳೂರು, ಫ್ರಾಂಕ್‌ಫರ್ಟ್, ಷಿಕಾಗೊ, ಅಲ್ಲಿಂದ ನಮ್ಮೂರು ಡಿಮಾಯ್ನ್. ಅಮ್ಮ ಬಂದರು, ದೊಡ್ಡ ಬ್ಯಾಗ್ ಬಂದಿಲ್ಲ. ಇಲ್ಲಿಯ ಕೌಂಟರಿನಲ್ಲಿ ‘ಇದು ನಮ್ಮ ಬ್ಯಾಗೇ ಅಲ್ಲ’ ಅಂದು ದೂರನ್ನೂ ಬರೆದುಕೊಳ್ಳುತ್ತಿಲ್ಲ. ಇನ್ಸುಲಿನ್ ಅದರಲ್ಲೇ ಇದೆ.

ಶಾರದಾ: ಮೊದಲು ಇನ್ಸುಲಿನ್. ಅಮ್ಮನ ಕೈಯಲ್ಲಿ ಈಗ ಎಷ್ಟಿದೆ?

ವಿನಯ್: ವ್ಯಾನಿಟಿ ಬ್ಯಾಗಿನಲ್ಲಿ ಒಂದು ಪೆನ್ ಇದೆ. ನಾಳೆ ರಾತ್ರಿವರೆಗೆ ಬರಬಹುದು.

ಶಾರದಾ: ಹಾಗಾದರೆ ಬ್ಯಾಗಿಗೆ ಕಾಯಬೇಡಿ. ಇವತ್ತೇ ಅರ್ಜೆಂಟ್ ಕೇರ್‌ಗೆ, ಅಂದರೆ ಕೂಡಲೇ ನೋಡೋ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ಊರಿನ ಡಾಕ್ಟರ ಚೀಟಿಯ ಫೋಟೋ ತರಿಸಿಕೊಂಡು ತೋರಿಸಿ. ಡೋಸ್ ವಿಷಯ ಅವರು ಹೇಳುತ್ತಾರೆ, ನನ್ನನ್ನೂ ಕೇಳಬೇಡಿ, ಈ ಗುಂಪಿನಲ್ಲೂ ಕೇಳಬೇಡಿ. ಬಿಲ್ ಇಟ್ಟುಕೊಳ್ಳಿ. ಈಗ ಬ್ಯಾಗ್. ಬೋರ್ಡಿಂಗ್ ಪಾಸಿಗೆ ಅಂಟಿಸಿದ ಚಿಕ್ಕ ಚೀಟಿ ನೋಡಿ. 10 ಅಂಕಿ ಇರುತ್ತದೆ, ಅದನ್ನು ಇಲ್ಲಿ ಹಾಕಬೇಡಿ. ಅದರ ಹತ್ತಿರ ಊರಿನ ಮೂರು ಅಕ್ಷರ ಇರುತ್ತದೆ. ಯಾವ ಅಕ್ಷರ?

ವಿನಯ್: ಓಆರ್‌ಡಿ.

ಶಾರದಾ: ಅದು ಷಿಕಾಗೊ. ನಿಮ್ಮೂರಿನ ಡಿಎಸ್‌ಎಂ ಅಂತ ಇಲ್ಲವಾ?

ವಿನಯ್: ಇಲ್ಲ ಅಕ್ಕ.

ಶಾರದಾ: ಷಿಕಾಗೊದಿಂದ ನಿಮ್ಮೂರಿಗೆ ಟಿಕೆಟ್ ಬೇರೆ ತೆಗೆದಿದ್ದೀರಾ?

ವಿನಯ್: ಹೌದು... 120 ಡಾಲರ್ ಕಮ್ಮಿ ಆಯ್ತು ಅಂತ.

ಶಾರದಾ: ಹಾಗಾದರೆ ಕೌಂಟರಿನವರು ಹೇಳಿದ್ದು ನಿಜ. ಅವರ ವಿಮಾನಕ್ಕೆ ಆ ಬ್ಯಾಗ್ ಹತ್ತೇ ಇಲ್ಲ. ಬೆಂಗಳೂರಿನಲ್ಲಿ ಟ್ಯಾಗ್ ಹಾಕಿದ್ದು ಷಿಕಾಗೊವರೆಗೆ ಮಾತ್ರ. ಅಮ್ಮನನ್ನು ಕೇಳಿ, ಷಿಕಾಗೊದಲ್ಲಿ ಬೆಲ್ಟಿನಿಂದ ಬ್ಯಾಗ್ ತೆಗೆದುಕೊಂಡರಾ ಅಂತ.

ವಿನಯ್: ಇಲ್ಲವಂತೆ. ಬೆಂಗಳೂರಿನ ಚೆಕ್-ಇನ್ ಹುಡುಗಿ ‘ಡೈರೆಕ್ಟ್ ಹೋಗುತ್ತೆ ಆಂಟಿ’ ಅಂದಳಂತೆ. ಅದಕ್ಕೇ ಬೆಲ್ಟಿನ ಕಡೆ ನೋಡದೆ ನಡೆದು ಬಂದರಂತೆ.

ಶಾರದಾ: ಅಂದುಕೊಂಡೆ. ಆ ಹುಡುಗಿ ಹೇಳಿದ್ದು ಫ್ರಾಂಕ್‌ಫರ್ಟಿನಲ್ಲಿ ತೆಗೆಯಬೇಕಾಗಿಲ್ಲ ಅಂತ ಇರಬೇಕು. ಎಲ್ಲರೂ ಗಮನಿಸಿ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗೋರು ಸಾಮಾನ್ಯವಾಗಿ ಅಲ್ಲಿ ಮೊದಲು ಇಳಿಯೋ ಊರಿನಲ್ಲಿ ಬ್ಯಾಗನ್ನು ತಾವೇ ಎತ್ತಿಕೊಂಡು ಕಸ್ಟಮ್ಸ್ ದಾಟಿಸಬೇಕು. ಮುಂದಿನ ಊರಿಗೆ ಟ್ಯಾಗ್ ಇದ್ದರೂ ಅಷ್ಟೇ. ಒಂದೇ ಟಿಕೆಟ್ ಆದರೆ ಹೊರಗೆ ಬಂದ ಕೂಡಲೇ ಇರೋ ಬೆಲ್ಟಿಗೆ ಹಾಕಿದರೆ ಸಾಕು. ಎರಡು ಟಿಕೆಟ್ ಆದರೆ ಎಳೆದುಕೊಂಡು ಹೋಗಿ ಹೊಸದಾಗಿ ಚೆಕ್-ಇನ್ ಮಾಡಬೇಕು.

ವಿನಯ್, ಬ್ಯಾಗ್ ಕಳೆದಿಲ್ಲ. ಯಾರೂ ಎತ್ತಿಕೊಳ್ಳದ ಬ್ಯಾಗನ್ನು ಬೆಲ್ಟಿನಿಂದ ಇಳಿಸಿ ಗೋಡೆ ಪಕ್ಕ ಸಾಲಾಗಿ ನಿಲ್ಲಿಸುತ್ತಾರೆ. ಆಮೇಲೆ ತಂದ ಏರ್‌ಲೈನಿನವರು ‘ನಮ್ಮ ಹತ್ತಿರ ಇದೆ’ ಅಂತ ವರ್ಲ್ಡ್ ಟ್ರೇಸರ್‌ನಲ್ಲಿ (ಏರ್‌ಲೈನ್‌ಗಳು ಬ್ಯಾಗ್ ಹುಡುಕೋ ಕಂಪ್ಯೂಟರ್ ವ್ಯವಸ್ಥೆ) ನಮೂದಿಸುತ್ತಾರೆ. ನೀವು ದೂರು ಕೊಡಬೇಕಾಗಿರೋದು ಫ್ರಾಂಕ್‌ಫರ್ಟಿನಿಂದ ತಂದವರಿಗೆ, ಅವರ ಷಿಕಾಗೊ ಬ್ಯಾಗೇಜ್ ಕೌಂಟರಿಗೆ. ನಿಜವನ್ನೇ ಹೇಳಿ, ‘ಅಮ್ಮ ಗೊತ್ತಾಗದೆ ಬಿಟ್ಟು ಬಂದರು’ ಅಂತ. ಇದರಲ್ಲಿ ಅವರ ತಪ್ಪಿಲ್ಲ, ಹಾಗಾಗಿ ಮನೆಗೆ ತಲುಪಿಸಿ ಅಂತ ಜೋರು ಮಾಡೋಕೆ ನಿಮಗೆ ಹಕ್ಕಿಲ್ಲ. ಕೇಳಿ ನೋಡಿ, ಕಳಿಸಿದರೆ ಪುಣ್ಯ. ಇಲ್ಲ ಅಂದರೆ ಹೋಗಿ ತರಬೇಕು. ಅಮ್ಮನ ಬದಲು ನೀವು ಹೋಗುವುದಾದರೆ ಅವರ ಸಹಿ ಇರೋ ಪತ್ರ, ಪಾಸ್‌ಪೋರ್ಟ್ ಪ್ರತಿ, ಟ್ಯಾಗ್ ಚೀಟಿ ಸಾಕಾ ಅಂತ ಮೊದಲೇ ಕೇಳಿಕೊಳ್ಳಿ. ಆ ಬ್ಯಾಗ್ ಇನ್ನೂ ಕಸ್ಟಮ್ಸ್ ದಾಟಿಲ್ಲ, ಅದು ನೆನಪಿರಲಿ. ಬ್ಯಾಗ್ ಹೇಗಿದೆ? ಒಳಗೇನಿದೆ?

ವಿನಯ್: ಕಪ್ಪು ಟ್ರಾಲಿ. ಒಳಗೆ ಬಟ್ಟೆ, ತಿಂಡಿ.

ಶಾರದಾ: ಕಪ್ಪು ಟ್ರಾಲಿ, ಬಟ್ಟೆ, ತಿಂಡಿ. ಆ ಗೋಡೆ ಪಕ್ಕ ಇರೋದೆಲ್ಲ ಅದೇ ವಿನಯ್. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿಯಾಗಿ ಬರೆಯಿರಿ. ಒಂದು ಸಲ ನಮ್ಮಲ್ಲಿ ಟ್ಯಾಗ್ ಹರಿದುಹೋದ ಬ್ಯಾಗ್ ಬಂತು. ಹೆಸರಿಲ್ಲ, ಚೀಟಿ ಇಲ್ಲ. ತೆಗೆದು ನೋಡಿದರೆ ಮೇಲೆ ಎರಡು ಟವೆಲ್, ಕೆಳಗೆ ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿ. ಚಕ್ಕುಲಿ ಅರ್ಧ ಪುಡಿಯಾಗಿತ್ತು. ಡಬ್ಬಿಯ ತಳ ತಿರುಗಿಸಿದರೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಮದುವೆ ತಾರೀಖು. ನಮ್ಮ ಕಡೆ ಪಾತ್ರೆಗೆ ಕೊರೆಸುತ್ತಾರಲ್ಲ, ಅದು. ಆ ಹೆಸರು ಹಿಡಿದು ಹಿಂದಿನ ಎರಡು ವಿಮಾನಗಳ ಪ್ರಯಾಣಿಕರ ಪಟ್ಟಿ ನೋಡಿದೆ. ಸಂಜೆಗೆ ಆ ಹೆಂಗಸು ಸಿಕ್ಕರು. ಹಾಗಾಗಿ ‘ತಿಂಡಿ’ ಅಂತ ಬರೆಯಬೇಡಿ. ಡಬ್ಬಿ ಇದ್ದರೆ ಡಬ್ಬಿ, ಮೇಲಿನ ಹೆಸರು, ಸೀರೆಯ ಬಣ್ಣ, ಎಲ್ಲಾ ಬರೆಯಿರಿ.

ವಿನಯ್: ಅಮ್ಮ ಹೇಳ್ತಿದ್ದಾರೆ: ಹಿಡಿಗೆ ಅಪ್ಪನ ಪಂಚೆಯ ಹಸಿರು ಅಂಚು ಕಟ್ಟಿದೆ. ಒಳಗೆ ಮಿಡಿ ಉಪ್ಪಿನಕಾಯಿ, ರಾಗಿ ಹಿಟ್ಟು 3 ಕೆಜಿ, ಅಜ್ಜಿ ಹೆಸರಿರೋ ಡಬ್ಬಿಯಲ್ಲಿ ಕೋಡುಬಳೆ. ಹಸಿ ಕರಿಬೇವೂ ಇದೆಯಂತೆ.

ಶಾರದಾ: ಚೆನ್ನಾಗಿದೆ. ಎಲ್ಲಾ ಬರೆಯಿರಿ, ಕರಿಬೇವನ್ನೂ ಸೇರಿಸಿ. ಹಸಿ ಕರಿಬೇವು ಅಮೆರಿಕಕ್ಕೆ ಬಿಡಲ್ಲ, ನಿಂಬೆ ಜಾತಿಯ ಗಿಡಗಳ ರೋಗ ಬರುತ್ತದೆ ಅಂತ. ಎತ್ತಿಕೊಳ್ಳಲಿ ಬಿಡಿ. ಮುಚ್ಚಿಟ್ಟರೆ ದಂಡ ಬೀಳಬಹುದು.

ರಶ್ಮಿ: ಅಕ್ಕ, ನನ್ನ ಬ್ಯಾಗಿನ ಏರ್‌ಟ್ಯಾಗ್ (ಬ್ಯಾಗ್ ಎಲ್ಲಿದೆ ಅಂತ ಫೋನಿನಲ್ಲಿ ತೋರಿಸೋ ಬಿಲ್ಲೆ) ಎರಡು ದಿನದಿಂದ ಇಸ್ತಾನ್‌ಬುಲ್ ತೋರಿಸ್ತಿದೆ. ನಾನು ರೋಮ್‌ನಲ್ಲಿದ್ದೇನೆ. ಏರ್‌ಲೈನ್ ‘ಹುಡುಕುತ್ತಿದ್ದೇವೆ’ ಅಂತಿದೆ.

ಶಾರದಾ: ಪಿಐಆರ್ ಇದೆ ತಾನೆ? 2024ರ ಕೊನೆಯಿಂದ ಐಫೋನಿನಲ್ಲಿ ‘ಶೇರ್ ಐಟಂ ಲೊಕೇಶನ್’ ಬಂದಿದೆ. ಆ ಕೊಂಡಿಯನ್ನು ದೂರಿಗೆ ಸೇರಿಸಿ. ಹಲವು ಏರ್‌ಲೈನ್‌ಗಳು ತೆಗೆದುಕೊಳ್ಳುತ್ತವೆ. ಅಲ್ಲಿವರೆಗೆ ಒಳಬಟ್ಟೆ, ಬ್ರಷ್, ಚಾರ್ಜರ್ ಥರದ್ದು ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಲೆದರ್ ಜಾಕೆಟ್ ಕೊಂಡು ಬಿಲ್ ಕಳಿಸಬೇಡಿ. ಬ್ಯಾಗ್ ಸಿಕ್ಕಿದ ಮೇಲೆ 21 ದಿನದೊಳಗೆ ತಡದ ಕ್ಲೇಮ್ ಬರಹದಲ್ಲಿ ಹಾಕಿ.

ಪ್ರಕಾಶ್: ಏರ್‌ಟ್ಯಾಗ್‌ನಲ್ಲಿ ಲಿಥಿಯಂ ಬ್ಯಾಟರಿ ಇದೆ. ಚೆಕ್-ಇನ್ ಬ್ಯಾಗಿನಲ್ಲಿ ಕಾನೂನುಬಾಹಿರ.

ರಶ್ಮಿ: ಅಲ್ಲ ಸರ್. ಅದು ಗುಂಡಿಯಷ್ಟು ಸೆಲ್. ನಿಷೇಧ ಇರೋದು ಪವರ್ ಬ್ಯಾಂಕಿಗೆ.

ಪ್ರಕಾಶ್: ಲಿಥಿಯಂ ಅಂದರೆ ಲಿಥಿಯಂ. ನಾನು ಇಂಜಿನಿಯರ್.

ಹೇಮಂತ್: ಸಿವಿಲ್ ಇಂಜಿನಿಯರ್ 😄

ಪ್ರಕಾಶ್: ಅತ್ತೆ ಕೈಲಿ ಗಸಗಸೆ ಸಾಗಿಸೋರು ಮಾತಾಡಬಾರದು.

ಹೇಮಂತ್: ಮನೆಯವರನ್ನು ಎಳೆಯಬೇಡಿ ಸರ್, ಹೇಳಿದ್ದೇನೆ.

ಸುಮಾ: ಅಕ್ಕ, ವೀಣೆ ವಿಷಯ...

ಶಾರದಾ: ರಶ್ಮಿ ಹೇಳಿದ್ದು ಸರಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ, ಅದೂ 100 ವಾಟ್-ಅವರ್ ಒಳಗೆ. 160ರವರೆಗೆ ಇದ್ದರೆ ಏರ್‌ಲೈನ್ ಒಪ್ಪಬೇಕು, ಅದಕ್ಕೂ ಹೆಚ್ಚಾದರೆ ಇಲ್ಲ. ಏರ್‌ಟ್ಯಾಗ್ ಹಾಕಬಹುದು. ಮುಗಿಯಿತು.

ಕವಿತಾ: ನಮಸ್ತೆ ಮೇಡಂ, ಈಗಷ್ಟೇ ಗುಂಪಿಗೆ ಸೇರಿದೆ. ಬ್ಯಾಗ್ ಬರದಿದ್ದರೆ ಮೊದಲು ಏನು ಮಾಡಬೇಕು?

ಶಾರದಾ: ಮೇಲೆ ಓದಿ.

ಮಹೇಶ್: ಚಕ್ರ ಮುರಿದರೆ ಎಷ್ಟು ದಿನದೊಳಗೆ ಹೇಳಬೇಕು?

ಶಾರದಾ: 7. ಮೇಲೆ ಓದಿ.

ಗುರುಮೂರ್ತಿ: ಶುಭ ಸುದ್ದಿ! ಏರ್‌ಪೋರ್ಟಿನಲ್ಲಿ ಉಳಿದ ಸೂಟ್‌ಕೇಸ್‌ಗಳು ಒಂದಕ್ಕೆ ಕೇವಲ 170 ರೂಪಾಯಿ. ಒಳಗೆ ಲ್ಯಾಪ್‌ಟಾಪ್ ಕೂಡ ಇರಬಹುದು. ಇಂದೇ ಕೊನೆಯ ದಿನ. ಕೊಂಡಿ ಒತ್ತಿ.

ಶಾರದಾ: ಯಾರೂ ಒತ್ತಬೇಡಿ! ಇದು ಕಾರ್ಡಿನ ವಿವರ ಕದಿಯೋ ಮೋಸ. ದೇಶ ದೇಶದ ಏರ್‌ಪೋರ್ಟ್ ಹೆಸರಿನಲ್ಲೂ ಇದೇ ಚಿತ್ರ, ಇದೇ ಮಾತು ಸುತ್ತುತ್ತಿದೆ. ಇನ್ನೊಂದು. ಎಕ್ಸ್‌ನಲ್ಲಿ ನಿಮ್ಮ ಬ್ಯಾಗ್ ಕಳೆದಿದೆ ಅಂತ ಬರೆದ ಎರಡೇ ನಿಮಿಷಕ್ಕೆ ‘ಕಸ್ಟಮರ್ ಕೇರ್’ ಅಂತ ಯಾರೋ ಬಂದು ಫೋನ್ ನಂಬರ್, ಪಿಐಆರ್ ನಂಬರ್ ಕೇಳುತ್ತಾರೆ. ಹೆಚ್ಚಿನವರು ಕಳ್ಳರು. ಬೋರ್ಡಿಂಗ್ ಪಾಸಿನ ಫೋಟೋ ಹಾಕೋರಿಗೂ ಇದೇ ಮಾತು. ಗುರುಮೂರ್ತಿಯವರೇ, ದಯವಿಟ್ಟು ಅಳಿಸಿ.

ಗುರುಮೂರ್ತಿ: ಒಳ್ಳೆಯದಾಗಲಿ ಅಂತ ಹಾಕಿದೆ. ಹಿರಿಯರಿಗೆ ಮಾತಾಡೋ ರೀತಿ ಇದಲ್ಲ.

ಶಾರದಾ: ನನಗೂ 63.

ಅಡ್ಮಿನ್: ಅಳಿಸಿದ್ದೇನೆ. ಗುರುಮೂರ್ತಿ ಸರ್, ಬೇಜಾರು ಮಾಡಿಕೊಳ್ಳಬೇಡಿ. ಹೇಮಂತ್, ಪ್ರಕಾಶ್, ನಿಮ್ಮಿಬ್ಬರ ಜಗಳ ಖಾಸಗಿಯಾಗಿ.

ಪ್ರಕಾಶ್: ನಾನು ಜಗಳ ಆಡಿಲ್ಲ. ಗ್ರಾಹಕ ನ್ಯಾಯಾಲಯದ ಬಗ್ಗೆ ಕೇಳಬೇಕಿತ್ತು.

ಶಾರದಾ: 2 ವರ್ಷದೊಳಗೆ ದಾವೆ ಹಾಕಬೇಕು. ಉಳಿದದ್ದು ವಕೀಲರನ್ನು ಕೇಳಿ.

ದೀಪಾ: ಅಕ್ಕ, ಬ್ಯಾಗಿನಲ್ಲಿ ಒಡವೆ ಇಟ್ಟಿದ್ದೆ, ಪ್ಯಾರಿಸ್‌ನಲ್ಲಿ ಬ್ಯಾಗ್ ಬಂತು, ಒಡವೆ ಇಲ್ಲ.

ಶಾರದಾ: ಯಾಕಮ್ಮ ಇಟ್ಟೆ? ಬಹುತೇಕ ಏರ್‌ಲೈನ್‌ಗಳ ಷರತ್ತಿನಲ್ಲೇ ಒಡವೆ, ದುಡ್ಡು ಚೆಕ್-ಇನ್‌ಗೆ ಬೇಡ ಅಂತ ಬರೆದಿರುತ್ತದೆ. ಆದರೂ 7 ದಿನದೊಳಗೆ ಬರೆದು ಕೊಡು, ಅಲ್ಲಿನ ಪೊಲೀಸರಿಗೂ ದೂರು ಕೊಡು. ಪ್ರಯಾಣ ವಿಮೆ ಇದ್ದರೆ ಅವರು ಆ ದೂರಿನ ಪ್ರತಿ ಕೇಳುತ್ತಾರೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡ.

ಹೇಮಂತ್: ಒಣ ಕೊಬ್ಬರಿ ಹಾಕಬಹುದಾ, ಅದಕ್ಕೂ ಜೈಲಾ?

ಶಾರದಾ: ವ್ಯಂಗ್ಯ ಬೇಡ. ಕೊಬ್ಬರಿ ಗಿಟುಕು ಬೇಡ. ಎಣ್ಣೆ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ನಾನು ಅಡುಗೆಗೆ ಏಳುತ್ತೇನೆ. ವಿನಯ್ ಏನಾದರೂ ಬರೆದರೆ ಮಾತ್ರ ಕರೆಯಿರಿ.

ವಿನಯ್ (ಮರುದಿನ): ಅಕ್ಕ, ಹಸಿರು ಅಂಚು ಕೆಲಸ ಮಾಡಿತು. ಫೋನಿನಲ್ಲಿ ಹೇಳುತ್ತಿದ್ದ ಹಾಗೇ ಆ ಕಡೆಯಿಂದ ‘ಹಸಿರು ಬಟ್ಟೆ, ಹೌದು, ನನ್ನ ಎದುರಿಗೇ ಇದೆ’ ಅಂದರು. ಕಳಿಸೋಕೆ ಆಗಲ್ಲವಂತೆ. ಅಮ್ಮನ ಪತ್ರ ಹಿಡಿದುಕೊಂಡು ನಾನೇ 5 ಗಂಟೆ ಕಾರ್ ಓಡಿಸಿ ಹೋಗಿ ತಂದೆ. ಕರಿಬೇವು ಎತ್ತಿಕೊಂಡರು. ಪೆಟ್ರೋಲು, ಊಟ ಸೇರಿ ಉಳಿಸಿದ 120 ಡಾಲರ್ ಮುಗಿಯಿತು. ಅರ್ಜೆಂಟ್ ಕೇರ್‌ನಲ್ಲಿ ಹೊಸ ಇನ್ಸುಲಿನ್ ಬರೆದುಕೊಟ್ಟರು. ಬ್ಯಾಗಿನಲ್ಲೂ ಐದು ಪೆನ್ ಹಾಗೇ ಇವೆ.

ಶಾರದಾ: ಆ ಐದನ್ನು ಅಮ್ಮನಿಗೆ ಕೊಡಬೇಡಿ. ಬ್ಯಾಗಿನ ಜಾಗದಲ್ಲಿ ಹೆಪ್ಪುಗಟ್ಟಿತೋ, ಆ ಹಾಲ್‌ನಲ್ಲಿ ಬಿಸಿಯಾಯಿತೋ ಗೊತ್ತಾಗಲ್ಲ. ನೋಡೋಕೆ ಚೆನ್ನಾಗೇ ಇರುತ್ತದೆ. ಫಾರ್ಮಸಿಗೆ ಒಯ್ದು ಕೇಳಿ. ವಾಪಸ್ ಬರುವಾಗ ಎಲ್ಲಾ ಪೆನ್ ಕೈಚೀಲದಲ್ಲಿ, ಡಾಕ್ಟರ ಚೀಟಿ ಜೊತೆಗೆ. ಟಿಕೆಟ್ ಒಂದೇ ತೆಗೆಯಿರಿ.