ವರ್ಜೀನಿಯಾ ಲೇಸಿ ಜೋನ್ಸ್: ಪ್ರತ್ಯೇಕ ಶಾಲೆಯೊಂದರ ಡೀನ್ ಆಗಿ ಕಳೆದ 36 ವರ್ಷಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ: ಎಂ.ಲಿಬ್ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಸೆಮಿನಾರಿಗಾಗಿ ನಾನು ವರ್ಜೀನಿಯಾ ಲೇಸಿ ಜೋನ್ಸ್ (1912–1984) ಅವರ ವೃತ್ತಿಜೀವನವನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಹುಟ್ಟಿದ ಇವರು ಗ್ರಂಥಾಲಯ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಎರಡನೆಯ ಆಫ್ರಿಕನ್-ಅಮೆರಿಕನ್. 1945ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಿಂದ ಆ ಪದವಿ ಪಡೆದ ವರ್ಷವೇ ಅಟ್ಲಾಂಟಾ ವಿಶ್ವವಿದ್ಯಾಲಯದ ಗ್ರಂಥಾಲಯ ಶಾಲೆಗೆ (ಗ್ರಂಥಪಾಲಕರನ್ನು ತಯಾರು ಮಾಡುವ ಶಾಲೆ) ಡೀನ್ ಆದರು ಮತ್ತು 1981ರವರೆಗೂ ಅದೇ ಹುದ್ದೆಯಲ್ಲಿದ್ದರು. ಓದುತ್ತಾ ಹೋದಂತೆ ಒಂದು ಸಂದೇಹ ಬಿಡದೆ ಕಾಡುತ್ತಿದೆ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಶಾಲೆಗಳು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ ಎಂಬ ಕಾರಣಕ್ಕೇ ಹುಟ್ಟಿದ ಶಾಲೆಯನ್ನು ಅಷ್ಟು ಚೆನ್ನಾಗಿ ನಡೆಸಿದ್ದರಿಂದ, ಆ ಪ್ರತ್ಯೇಕತೆಯೇ ಸಹ್ಯವೆಂಬಂತೆ ಕಾಣಿಸಲು ನೆರವಾದಂತೆ ಆಗಲಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಗ್ರಂಥಪಾಲಕ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ತಂಗಿ. ಆದರೆ ಆ ಶಾಲೆ ಇಲ್ಲದಿದ್ದರೆ ಏನಿರುತ್ತಿತ್ತು ಎಂಬುದನ್ನು ಮೊದಲು ನೋಡಬೇಕು. ದಕ್ಷಿಣದಲ್ಲಿ ಕಪ್ಪು ಗ್ರಂಥಪಾಲಕರನ್ನು ತಯಾರು ಮಾಡುತ್ತಿದ್ದ ಮುಖ್ಯ ಸಂಸ್ಥೆಯೆಂದರೆ 1925ರಲ್ಲಿ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್‌ನಲ್ಲಿ ತೆರೆದ ಶಾಲೆ; ಜೋನ್ಸ್ ಓದಿದ್ದೂ ಅಲ್ಲೇ. 1939ರಲ್ಲಿ ಅದು ಮುಚ್ಚಿತು. ಅದರ ಜಾಗ ತುಂಬಲೆಂದು ಕಾರ್ನೆಗಿ ಸಂಸ್ಥೆಯ ನೆರವಿನಿಂದ 1941ರಲ್ಲಿ ಅಟ್ಲಾಂಟಾ ಶಾಲೆ ಆರಂಭವಾಯಿತು. ಅದರ ಮೊದಲ ಡೀನ್ ಎಲೈಜಾ ಅಟ್ಕಿನ್ಸ್ ಗ್ಲೀಸನ್, 1940ರಲ್ಲಿ ಈ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್-ಅಮೆರಿಕನ್. ಜೋನ್ಸ್ ಆರಂಭದಿಂದಲೇ ಅಲ್ಲಿ ಪಾಠ ಹೇಳುತ್ತಿದ್ದರು. ಅದಕ್ಕೂ ಮೊದಲು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕ್ಯಾಟಲಾಗ್ ಕೆಲಸ ಮಾಡಿದ್ದರು.

ಅವರ ಪ್ರಬಂಧದ ವಿಷಯವನ್ನು ನಿಮ್ಮ ಸೆಮಿನಾರಿನಲ್ಲಿ ಬಿಡಬೇಡಿ. ದಕ್ಷಿಣದ ಆಯ್ದ ನಗರಗಳಲ್ಲಿ ಕಪ್ಪು ಮಕ್ಕಳ ಸರ್ಕಾರಿ ಹೈಸ್ಕೂಲುಗಳ ಗ್ರಂಥಾಲಯಗಳು ಎದುರಿಸುತ್ತಿದ್ದ ಸಮಸ್ಯೆಗಳನ್ನು ಅವರು ಅಧ್ಯಯನ ಮಾಡಿದರು. ಪ್ರತ್ಯೇಕತೆ ಆ ಶಾಲೆಗಳ ಕಪಾಟುಗಳಿಗೆ ಏನು ಮಾಡಿದೆ ಎಂಬುದನ್ನು ಹತ್ತಿರದಿಂದ ಕಂಡವರು ಅದನ್ನು ಸಹ್ಯವೆಂದು ಭಾವಿಸಿದ್ದರು ಎಂದು ನನಗೆ ಅನಿಸುವುದಿಲ್ಲ. ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಬಹಳ ಕಲಕಿದೆ. ಅಟ್ಲಾಂಟಾ ನಗರದ ಕೇಂದ್ರ ಗ್ರಂಥಾಲಯ ಕಪ್ಪು ಓದುಗರನ್ನು ಬಿಳಿಯರಿಗೆ ಸಮನಾಗಿ ಒಳಗೆ ಬಿಟ್ಟುಕೊಂಡದ್ದು 1959ರ ಮೇ ತಿಂಗಳಲ್ಲಿ. ಅಂದರೆ ಗ್ರಂಥಾಲಯ ವಿಜ್ಞಾನದ ಡೀನ್ ಆಗಿದ್ದ ಈ ವಿದ್ವಾಂಸೆ, ಆ ಹುದ್ದೆಯ ಮೊದಲ 14 ವರ್ಷ ತಾವಿದ್ದ ಊರಿನ ಮುಖ್ಯ ಗ್ರಂಥಾಲಯದಲ್ಲಿ ಸಮಾನ ಓದುಗರಾಗಿರಲಿಲ್ಲ.

ಉತ್ತರ 2: ಇತಿಹಾಸ ಅಧ್ಯಾಪಕಿ

ಹಿರಿಯರ ಮಾತಿಗೆ ಗೌರವವಿದ್ದರೂ ವಿದ್ಯಾರ್ಥಿನಿಯ ಸಂದೇಹವನ್ನು ಅಷ್ಟು ಬೇಗ ಪಕ್ಕಕ್ಕಿಡಬಾರದು ಎಂದು ನನಗೆ ತೋರುತ್ತದೆ. 1936ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ರಿಚ್ಮಂಡ್‌ನಲ್ಲಿ ಸಮ್ಮೇಳನ ನಡೆಸಿದಾಗ ಕಪ್ಪು ಪ್ರತಿನಿಧಿಗಳಿಗೆ ಪ್ರತ್ಯೇಕ ಆಸನಗಳಿದ್ದವು, ಊಟದ ಜೊತೆ ನಡೆಯುವ ಸಭೆಗಳಿಗೆ ಪ್ರವೇಶವಿರಲಿಲ್ಲ. ಆಮೇಲೆ ಪ್ರತಿಭಟನೆ ಎದ್ದಾಗ ಎಲ್ಲ ಸದಸ್ಯರನ್ನೂ ಸಮನಾಗಿ ಕಾಣದ ಕಡೆ ಸಮ್ಮೇಳನ ಮಾಡುವುದಿಲ್ಲ ಎಂದು ಸಂಘ ನಿರ್ಧರಿಸಿತು. ಆದರೆ ದಕ್ಷಿಣದ ಕೆಲವು ರಾಜ್ಯ ಸಂಘಗಳು ಕಪ್ಪು ಗ್ರಂಥಪಾಲಕರನ್ನು ಸೇರಿಸಿಕೊಳ್ಳದೆ ಹಾಗೆಯೇ ಮುಂದುವರಿದವು. ಅದನ್ನು ಅಲುಗಾಡಿಸಿದ್ದು ನೇರ ಹೋರಾಟ. 1961ರ ಮಾರ್ಚ್‌ನಲ್ಲಿ ಟೂಗಲೂ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಬಿಳಿಯರ ಗ್ರಂಥಾಲಯಕ್ಕೆ ಹೋಗಿ ಕುಳಿತು ಓದಿದ್ದಕ್ಕೆ ಬಂಧನಕ್ಕೊಳಗಾದರು. 1964ರಲ್ಲಿ ರಾಷ್ಟ್ರೀಯ ಸಂಘದ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಮಿಸಿಸಿಪ್ಪಿ ರಾಜ್ಯ ಸಂಘವನ್ನು ಗೌರವಿಸಲು ಹೊರಟಾಗ ಕಪ್ಪು ಗ್ರಂಥಪಾಲಕ ಇ.ಜೆ. ಜೋಸಿ ಎದ್ದು ನಿಂತು ವಿರೋಧಿಸಿದರು. ಭೇದ ಮಾಡುವ ರಾಜ್ಯ ಸಂಘಗಳ ಸಭೆಗಳಿಗೆ ರಾಷ್ಟ್ರೀಯ ಸಂಘದ ಪದಾಧಿಕಾರಿಗಳು ಅಧಿಕೃತವಾಗಿ ಹೋಗಬಾರದೆಂಬ ನಿರ್ಣಯವನ್ನೂ ಅಂಗೀಕರಿಸುವಂತೆ ಮಾಡಿದರು. ಜೋಸಿ ಆಗ ಜೋನ್ಸ್ ಇದ್ದ ಜಾರ್ಜಿಯಾ ರಾಜ್ಯದಲ್ಲೇ, ಸವಾನಾದ ಕಾಲೇಜೊಂದರ ಗ್ರಂಥಪಾಲಕರಾಗಿದ್ದರು. ಜಾರ್ಜಿಯಾ ಸಂಘ ಅವರನ್ನು ತನ್ನ ಮೊದಲ ಕಪ್ಪು ಸದಸ್ಯರಾಗಿ ಸೇರಿಸಿಕೊಂಡದ್ದು 1965ರಲ್ಲಿ. ಆ ಹೊತ್ತಿಗೆ ಜೋನ್ಸ್ ಡೀನ್ ಆಗಿ 20 ವರ್ಷಗಳಾಗಿದ್ದವು! ಎಷ್ಟು ಚೆನ್ನಾಗಿ ಪಾಠ ಹೇಳಿದರೂ ಆ ಬಾಗಿಲು ತಾನಾಗಿ ತೆರೆಯಲಿಲ್ಲ.

ಮರುಪ್ರಶ್ನೆ: ಎಂ.ಲಿಬ್ ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಜೋಸಿ ಮತ್ತು ಜೋನ್ಸ್ ಅವರದು ಬೇರೆ ಬೇರೆ ದಾರಿ ಎಂದು ಬರೆಯಬಹುದೇ, ಮೇಡಂ?

ಉತ್ತರ 3: ನಿವೃತ್ತ ಗ್ರಂಥಪಾಲಕ

ಮೇಡಂ ಅವರಿಗೆ ಕೇಳಿದ್ದಕ್ಕೆ ನಾನು ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಕೆಲಸ ಬೇರೆ ಎಂದು ಬರೆಯಿರಿ, ದಾರಿ ಬೇರೆ ಎಂದು ಬರೆಯಬೇಡಿ. 1970ರಲ್ಲಿ ಅಮೆರಿಕದ ಕಪ್ಪು ಗ್ರಂಥಪಾಲಕರ ಅನುಭವಗಳ ಸಂಕಲನವನ್ನು ಜೋಸಿ ಸಂಪಾದಿಸಿದಾಗ ಅದರಲ್ಲಿ ಜೋನ್ಸ್ ತಮ್ಮ ಡೀನ್ ಜೀವನದ ಬಗ್ಗೆ ಬರೆದಿದ್ದಾರೆ. ನಿಮ್ಮ ಸೆಮಿನಾರಿಗೆ ಅದೇ ಮೊದಲ ಆಕರವಾಗಬೇಕು. ಅವರ ಅವಧಿಯಲ್ಲಿ ಸುಮಾರು 1,800 ಕಪ್ಪು ಗ್ರಂಥಪಾಲಕರು ಆ ಶಾಲೆಯಿಂದ ಹೊರಬಂದರು ಎಂಬ ಲೆಕ್ಕವಿದೆ. ಬಾಗಿಲುಗಳು ತೆರೆದಾಗ ಒಳಗೆ ಹೋಗಿ ಕೆಲಸ ಹಿಡಿಯಲು ತರಬೇತಿ ಪಡೆದ ಜನ ಸಿದ್ಧರಿದ್ದರು ಎಂಬುದನ್ನು ಹೋರಾಟದ ಕಥೆ ಹೇಳುವಾಗ ನಾವು ಮರೆಯುತ್ತೇವೆ. 1967ರಲ್ಲಿ ಅಮೆರಿಕದ ಗ್ರಂಥಾಲಯ ಶಾಲೆಗಳ ಸಂಘಕ್ಕೆ ಅಧ್ಯಕ್ಷರಾದ ಮೊದಲ ಆಫ್ರಿಕನ್-ಅಮೆರಿಕನ್ ಕೂಡ ಜೋನ್ಸ್ ಅವರೇ.

ಉತ್ತರ 4: ಇತಿಹಾಸ ಅಧ್ಯಾಪಕಿ

ಸರ್, ಆ ಮಾತನ್ನು ಒಪ್ಪುತ್ತೇನೆ. ವಿದ್ಯಾರ್ಥಿನಿಗೆ ನನ್ನದೊಂದು ಸಲಹೆ ಮಾತ್ರ ಉಳಿದಿದೆ: ಕಥೆಯನ್ನು 1981ಕ್ಕೆ ನಿಲ್ಲಿಸಬೇಡಿ. ಬಿಳಿಯರ ಶಾಲೆಗಳು ಕಪ್ಪು ವಿದ್ಯಾರ್ಥಿಗಳಿಗೆ ತೆರೆದುಕೊಂಡು ದಶಕಗಳಾದ ಮೇಲೂ ಅಟ್ಲಾಂಟಾ ಶಾಲೆ ನಡೆಯುತ್ತಲೇ ಇತ್ತು, ಕೊನೆಗೆ 2005ರಲ್ಲಿ ಮುಚ್ಚಿತು. ಪ್ರತ್ಯೇಕತೆ ಹೋದ ಮೇಲೂ ಅಷ್ಟು ಕಾಲ ಅಲ್ಲಿಗೆ ವಿದ್ಯಾರ್ಥಿಗಳು ಬರುತ್ತಿದ್ದುದು ಯಾಕೆ ಎಂದು ಕೇಳಿಕೊಂಡರೆ ನಿಮ್ಮ ಮೊದಲ ಪ್ರಶ್ನೆಗೂ ಬೇರೆಯದೇ ಉತ್ತರ ಸಿಗಬಹುದು.