ಕೆಲಸ ಒಪ್ಪಿಸಿದರೂ ಫೋನ್ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್. 4 ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, 1 ವಿಎಂಸಿ (ಸಿಎನ್‌ಸಿ ಮಿಲ್ಲಿಂಗ್ ಮೆಷಿನ್), ಒಟ್ಟು 14 ಜನ. ನಾನು ಆಪರೇಟರ್ ಆಗಿ ಶುರು ಮಾಡಿದವನು, ಹಾಗಾಗಿ ಎಲ್ಲ ಕೆಲಸವೂ ಬರುತ್ತದೆ. ತೊಂದರೆ ಆಗಿರೋದೇ ಅದು. ಸೆಟ್ಟಿಂಗ್, ಇನ್ಸರ್ಟ್ (ಲೋಹ ಕತ್ತರಿಸುವ ಟೂಲ್‌ನ ತುದಿಗೆ ಹಾಕುವ ಬಿಲ್ಲೆ) ಖರೀದಿ, ಡಿಸ್ಪ್ಯಾಚ್, ಎಲ್ಲಕ್ಕೂ ನಾನೇ ಬೇಕು. ಕಳೆದ ತಿಂಗಳು ತಂಗಿಯ ಮದುವೆಗೆ ಶಿರಸಿಗೆ ಹೋಗಿದ್ದೆ. ಧಾರೆ ನಡೆಯುವಾಗ ಸೂಪರ್‌ವೈಸರ್ ಫೋನ್: "ಸರ್, ಇನ್ಸರ್ಟ್ ಮುಗೀತು, ತರಿಸಲಾ?"

ಕೆಲಸ ಬಿಟ್ಟುಕೊಟ್ಟು ನೋಡಿಲ್ಲ ಅಂತೇನಿಲ್ಲ. ಹೋದ ವರ್ಷ ಒಂದು ಬುಷ್ (ಕೊಳವೆಯಂಥ ಬಿಡಿಭಾಗ) ಲಾಟ್ ಪೂರ್ತಿ ಆ ಸೂಪರ್‌ವೈಸರ್ ಹುಡುಗನಿಗೇ ಬಿಟ್ಟೆ. ಉಕ್ಕಿನ ಬುಷ್, 25 ಎಂಎಂ ಬೋರ್ (ಒಳಗಿನ ತೂತು), ಎಚ್7 (ಅಳತೆ ಎಷ್ಟು ಹೆಚ್ಚು ಕಡಿಮೆ ಆಗಬಹುದು ಅನ್ನುವ ಗುರುತು). ಬೋರ್ ಸಣ್ಣದಾಗಿದೆ ಅಂತ 200 ಪೀಸ್ ವಾಪಸ್ ಬಂತು. ಹೋನಿಂಗ್ ಮಾಡಿಸಿ (ಬೋರ್ ಒಳಗೆ ಉಜ್ಜಿಸಿ ಅಳತೆಗೆ ತಂದು) ಕಳಿಸುವಷ್ಟರಲ್ಲಿ ಲಾಭವೆಲ್ಲ ಹೋಯಿತು. ಅವತ್ತಿನಿಂದ ಮತ್ತೆ ಎಲ್ಲ ನನ್ನ ತಲೆ ಮೇಲೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ (22 ವರ್ಷ ಪ್ರೊಡಕ್ಷನ್ ಮ್ಯಾನೇಜರ್, ಈಗ ಸಣ್ಣ ಘಟಕಗಳಿಗೆ ಸಲಹೆಗಾರ):
ಮೊದಲು ಎರಡು ವಿಷಯ ಹೇಳಿ. ಆ ಲಾಟ್ ಒಪ್ಪಿಸುವಾಗ ಅವನಿಗೆ ಏನಂದಿರಿ? ಅದೇ ಪೀಸ್ ನೀವು ಮಾಡಿದ್ದರೆ ಯಾವಾಗ ಅಳೆಯುತ್ತಿದ್ದಿರಿ?

ಪ್ರಶ್ನೆ ಕೇಳಿದವರು:
ಡ್ರಾಯಿಂಗ್ ಕೊಟ್ಟು "ನೋಡ್ಕೊಂಡು ಮಾಡಪ್ಪ" ಅಂದೆ. ನಾನಾದರೆ ಪೀಸ್ ತೆಗೆದು ಟೇಬಲ್ ಮೇಲಿಟ್ಟು, ಟೀ ಕುಡಿದು ಬಂದು ಅಳೆಯುತ್ತೇನೆ. ಬಿಸಿ ಇರುತ್ತಲ್ಲ. ಅವನು ಮೆಷಿನ್‌ನಿಂದ ತೆಗೆದ ಕೂಡಲೇ ಪ್ಲಗ್ ಗೇಜ್ (ಬೋರ್ ಒಳಗೆ ಇಳಿಸಿ ಅಳತೆ ನೋಡುವ ಕಡ್ಡಿ) ಹಾಕಿ ನೋಡಿದ್ದನಂತೆ.

ಉತ್ತರ:
ಸಿಕ್ಕಿತಲ್ಲ. 25 ಎಚ್7 ಅಂದರೆ ಬೋರ್ 25.000ದಿಂದ 25.021 ಎಂಎಂ ಒಳಗಿರಬೇಕು. ಪೀಸ್ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಆ ಬೋರ್ ಸುಮಾರು 6 ಮೈಕ್ರಾನ್, ಅಂದರೆ 0.006 ಎಂಎಂ, ಹಿಗ್ಗಿರುತ್ತದೆ. ಬಿಸಿಯಲ್ಲಿ 25.003 ಇದ್ದದ್ದು ತಣ್ಣಗಾದ ಮೇಲೆ 24.997. ನಿಮ್ಮಲ್ಲಿ ಸಲೀಸಾಗಿ ಇಳಿದ ಗೋ ಗೇಜ್ (ಪ್ಲಗ್ ಗೇಜ್‌ನ ಇಳಿಯಲೇಬೇಕಾದ ತುದಿ) ಗಿರಾಕಿಯ ಹತ್ತಿರ ಇಳಿಯಲಿಲ್ಲ. ಹುಡುಗ ಡ್ರಾಯಿಂಗ್‌ನಲ್ಲಿ ಇದ್ದದ್ದನ್ನೇ ಮಾಡಿದ್ದಾನೆ. ನೀವು ಟೀ ಕುಡಿಯುವ ಹತ್ತು ನಿಮಿಷ ಡ್ರಾಯಿಂಗ್‌ನಲ್ಲಿ ಇರಲಿಲ್ಲ, ಅಷ್ಟೇ.

ಕೈ ಪಳಗಿದವರ ಕಷ್ಟವೇ ಇದು. ನಮಗೆ ಅಭ್ಯಾಸ ಆಗಿಬಿಟ್ಟದ್ದನ್ನು ಹೇಳಬೇಕು ಅಂತಲೇ ಹೊಳೆಯುವುದಿಲ್ಲ. ಅದಕ್ಕೆ ಒಂದು ಕೆಲಸ ಬಿಟ್ಟುಕೊಡುವ ಮುಂಚೆ ಅದನ್ನು ಅವನೆದುರು ಒಮ್ಮೆ ನೀವೇ ಮಾಡಿ, ಅವನು ಬರೆದುಕೊಳ್ಳಲಿ. ನೀವು ಬರೆಯಬೇಡಿ, ಟೀ ಮತ್ತೆ ಬಿಟ್ಟುಹೋಗುತ್ತದೆ! ಆಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. "ಆಯ್ತು ಸರ್" ಬಿಟ್ಟು ಬೇರೆ ಉತ್ತರ ನಾನು ಕೇಳಿಲ್ಲ. "ಮೊದಲ ಪೀಸ್ ಆದ ಮೇಲೆ ಏನು ಮಾಡ್ತೀಯ, ಹೇಳು" ಅನ್ನಿ.

ಇನ್ನು ಮದುವೆ ಮನೆಗೆ ಬಂದ ಫೋನ್. ಇನ್ಸರ್ಟ್ ಬೇಕು ಅಂತ ಅವನಿಗೆ ಗೊತ್ತು, ಅಂಗಡಿಯೂ ಗೊತ್ತು. ತರಿಸಬಹುದಾ ಅನ್ನೋದು ಮಾತ್ರ ಗೊತ್ತಿಲ್ಲ. ಕೆಲಸ ಕೊಟ್ಟಿರಿ, ತೀರ್ಮಾನ ನಿಮ್ಮ ಜೇಬಲ್ಲೇ ಇಟ್ಟುಕೊಂಡಿರಿ. ಒಂದು ಗೆರೆ ಎಳೆಯಿರಿ: ಹಿಂದೆ ತರಿಸಿದ್ದೇ ನಂಬರ್‌ನ ಇನ್ಸರ್ಟ್ ಆಗಿದ್ದು 5,000 ರೂಪಾಯಿ ಒಳಗಿದ್ದರೆ ಕೇಳದೆ ತರಿಸು, ಪುಸ್ತಕದಲ್ಲಿ ಬರೆ. ಹೊಸ ನಂಬರ್ ಆದರೆ ಕೇಳು. ಮೊದಲ ಪೀಸ್ ಅಳತೆ ಸರಿ ಇದ್ದರೆ ಓಡಿಸು, ತಪ್ಪಿದ್ದರೆ ಮೆಷಿನ್ ನಿಲ್ಲಿಸು. ನಿಲ್ಲಿಸಿದ್ದಕ್ಕೆ ಬೈಯಲ್ಲ ಅಂತ ಎಲ್ಲರೆದುರು ಹೇಳಿ. ಟೊಯೋಟಾ ಕಾರ್ಖಾನೆಗಳಲ್ಲಿ ತೊಂದರೆ ಕಂಡರೆ ಲೈನ್‌ನಲ್ಲಿರುವ ಕೆಲಸಗಾರನೇ ಹಗ್ಗ ಎಳೆದೋ ಗುಂಡಿ ಒತ್ತಿಯೋ ಲೈನ್ ನಿಲ್ಲಿಸಬಹುದು. ಅಷ್ಟು ದೊಡ್ಡ ಕಂಪನಿ ಬಿಟ್ಟುಕೊಟ್ಟಿದೆ, 5 ಮೆಷಿನ್ ಇರುವ ನೀವು ಯಾಕೆ ಕೊಡಬಾರದು?

ಪ್ರಶ್ನೆ ಕೇಳಿದವರು:
ಗೆರೆ ಎಳೆದ ಮೇಲೂ ಫೋನ್ ಮಾಡಿದರೆ?

ಉತ್ತರ:
ಮಾಡುತ್ತಾನೆ. ಎರಡು ವಾರ ಜಾಸ್ತಿಯೇ ಮಾಡುತ್ತಾನೆ. "ನೀನೇನು ಮಾಡೋಣ ಅಂತಿದ್ದೀಯ?" ಅಂತ ಕೇಳಿ ಸುಮ್ಮನಿದ್ದುಬಿಡಿ. ಆ ಸುಮ್ಮನಿರೋದೇ ಕಷ್ಟ, ನನಗೆ ಇವತ್ತಿಗೂ ಕಷ್ಟ. ಅವನು ಹೇಳಿದ್ದು ನಡೆಯುವಂತಿದ್ದರೆ, ನಿಮ್ಮ ದಾರಿ ಬೇರೆ ಇದ್ದರೂ, "ಮಾಡು" ಅನ್ನಿ. ಹಾಗೆಯೇ ಆಪರೇಟರ್‌ಗಳು ಅವನನ್ನು ದಾಟಿ ನಿಮ್ಮ ಹತ್ತಿರ ಬಂದರೆ ವಾಪಸ್ ಅವನ ಹತ್ತಿರವೇ ಕಳಿಸಿ. ಒಂದು ಸಲ ನೀವು ಉತ್ತರ ಕೊಟ್ಟರೆ ಅವನ ಸೂಪರ್‌ವೈಸರ್‌ಗಿರಿ ಅಲ್ಲಿಗೇ ಮುಗಿಯಿತು.

ಹಾಗಂತ ತಿರುಗಿ ನೋಡದೆ ಇರಬೇಡಿ. ದಿನಾ ಒಂದೇ ಹೊತ್ತಿಗೆ, 10:30 ಅಂತಿಟ್ಟುಕೊಳ್ಳಿ, ಹತ್ತು ನಿಮಿಷ ಮೊದಲ ಪೀಸ್ ರಿಪೋರ್ಟ್ ಮತ್ತು ಖರೀದಿ ಪುಸ್ತಕ ನೋಡಿ. ಹೊತ್ತಲ್ಲದ ಹೊತ್ತಿಗೆ ಹೋಗಿ ಹಿಂದೆ ನಿಂತರೆ ಅವನ ಕೈ ನಡುಗುತ್ತದೆ.

ಮತ್ತೊಬ್ಬ ಸದಸ್ಯೆ (ಗಾರ್ಮೆಂಟ್ಸ್ ಘಟಕ ನಡೆಸುವವರು):
ಇಷ್ಟೆಲ್ಲ ಕಲಿಸಿದ ಮೇಲೆ ಪಕ್ಕದ ಕಂಪನಿಗೆ ಹೋಗ್ತಾರಲ್ಲ ಸರ್? ನನ್ನ ಹತ್ತಿರ ಇಬ್ಬರು ಹೋದರು.

ಉತ್ತರ:
ಹೋಗುತ್ತಾರೆ ಮೇಡಂ, ನನ್ನ ಹತ್ತಿರವೂ ಹೋಗಿದ್ದಾರೆ. ಒಬ್ಬನ ಮೇಲಂತೂ ಬಹಳ ದಿನ ಸಿಟ್ಟಿತ್ತು. ಆಮೇಲೆ ಲೆಕ್ಕ ಹಾಕಿದರೆ, ಅವನ ಕೆಲಸ ಎರಡು ಪಟ್ಟು ಮಾಡಿ ಸಂಬಳ ಮಾತ್ರ ಹಾಗೇ ಇಟ್ಟಿದ್ದೆ. ಜವಾಬ್ದಾರಿ ಕೊಟ್ಟ ತಿಂಗಳೇ ಸಂಬಳದಲ್ಲೂ ಏನಾದರೂ ಸೇರಿಸಿ. ಜೊತೆಗೆ ಪ್ರತಿ ಕೆಲಸಕ್ಕೂ ಇನ್ನೊಬ್ಬನನ್ನು ತಯಾರು ಮಾಡಲು ಅವನಿಗೇ ಹೇಳಿ.

ಹೊಸ ಗಿರಾಕಿಗೆ ರೇಟ್ ಕೊಡುವುದು, ಸಂಬಳ, ಕೆಲಸದಿಂದ ತೆಗೆಯುವುದು ನಿಮ್ಮಲ್ಲೇ ಇರಲಿ. ಲಾಟ್ ವಾಪಸ್ ಬಂದಾಗ ಗಿರಾಕಿಯ ಬೈಗುಳವೂ ನಿಮಗೇ. ಹುಡುಗನನ್ನು ಮುಂದೆ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು:
ಇವತ್ತು ಆ ಹುಡುಗನನ್ನು ಕೂರಿಸಿಕೊಂಡು 200 ಬುಷ್ ಕಥೆ ಮಾತಾಡಿದೆ. ಬೋರ್ ಹೇಗೆ ಸಣ್ಣದಾಯ್ತು ಅಂತ ಒಂದು ವರ್ಷದಿಂದ ಅವನಿಗೆ ಗೊತ್ತೇ ಇರಲಿಲ್ಲ. ಪೀಸ್ ತಣ್ಣಗಾದ ಮೇಲೆ ಅಳೆಯಬೇಕು ಅಂತ ಅವನೇ ಬರೆದು ಮೆಷಿನ್ ಮೇಲೆ ಅಂಟಿಸಿದ್ದಾನೆ. ಬಿಹಾರದ ಹುಡುಗರಿಗೆ ಅಂತ ಕೆಳಗೆ ಹಿಂದಿಯಲ್ಲೂ ಬರೆದಿದ್ದಾನೆ, ಅದು ನಾನು ಹೇಳಿರಲಿಲ್ಲ.