ಗೋಪುರ ಅದೇ, ದೇವರು ಬೇರೆ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 23 ಜನ ಇದ್ದೇವೆ. ಅರ್ಧ ಜನ ಹಾಸನದಲ್ಲಿ, ಉಳಿದವರು ಬೇಲೂರು, ಸಕಲೇಶಪುರ, ಬೆಂಗಳೂರು, ಅಮೆರಿಕ. ಇಲ್ಲಿ ಸಾಮಾನ್ಯವಾಗಿ ಜಗಳ ಆಗುವುದು ಎರಡೇ ವಿಷಯಕ್ಕೆ. ಯಾರ ಮದುವೆಗೆ ಯಾರು ಬರಲಿಲ್ಲ ಅನ್ನೋದು ಒಂದು, ತೋಟದ ದಾರಿ ಇನ್ನೊಂದು. ಮಿಕ್ಕ ದಿನ ಶಾಂತಿ. ಬೆಳಗ್ಗೆ ಆರಕ್ಕೆ ದೊಡ್ಡಪ್ಪ ಗುಲಾಬಿ ಹೂವಿನ ಶುಭೋದಯ ಹಾಕುತ್ತಾರೆ. ಆರು ವರ್ಷದಿಂದ ಅದೇ ಗುಲಾಬಿ, ಎಸಳಿನ ಮೇಲೆ ಅದೇ ನೀರಿನ ಹನಿ. ಎಲ್ಲರೂ ಒಂದೊಂದು ಕೈಮುಗಿಯುವ ಚಿತ್ರ ಒತ್ತಿ ಕೆಲಸಕ್ಕೆ ಹೋಗುತ್ತೇವೆ.

ಕಳೆದ ಭಾನುವಾರ ಹೊಸ ಜಗಳ ಸಿಕ್ಕಿತು. ಫ್ಲಾರಿಡಾದಲ್ಲಿರುವ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಡಿಸ್ನಿ ವರ್ಲ್ಡ್‌ನಿಂದ ಒಂದು ಪುಟ್ಟ ವಿಡಿಯೊ ಹಾಕಿದ. ಮರದ ದಿಮ್ಮಿ ಕೊರೆದ ಹಾಗಿರುವ ದೋಣಿ. ಮುಂದಿನ ಸೀಟಿನಲ್ಲಿ ಅವನ ಮಗಳ ಎರಡು ಜಡೆ. ದೋಣಿ ತುದಿಗೆ ಬಂದು ಒಂದು ಗಳಿಗೆ ನಿಂತ ಹಾಗಾಗುತ್ತದೆ. ಜಡೆಗಳು ಮೇಲಕ್ಕೆ ಏಳುತ್ತವೆ. ಆಮೇಲೆ ಬರೀ ಕಿರುಚಾಟ, ನೀರು.

ಕೆಳಗೆ ಬರೆದಿದ್ದ: "ಟಿಯಾನಾಸ್ ಬಾಯು ಅಡ್ವೆಂಚರ್. ಚೆನ್ನಾಗಿದೆ. ಆದರೆ ಇದು ನನ್ನ ಸ್ಪ್ಲಾಶ್ ಮೌಂಟನ್ ಅಲ್ಲ."

ಇಲ್ಲಿಂದ ಶುರು. ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆಯೇ ಹಾಕಿದ್ದೇನೆ.

ಬೇಲೂರು ಅತ್ತೆ: ಪುಟ್ಟಮ್ಮನಿಗೆ ನೆಗಡಿ ಆಗುತ್ತೆ, ತಲೆ ಒರೆಸಪ್ಪಾ. ಅದಿರಲಿ, ನಿನ್ನದು ಅಂದರೆ ಯಾವುದು?

ಫ್ಲಾರಿಡಾ ಅಣ್ಣ: ಅತ್ತೆ, ನಾನು ಇಲ್ಲಿಗೆ ಬಂದ ಹೊಸದರಲ್ಲಿ, 2012ರಲ್ಲಿ, ಒಬ್ಬನೇ ಹೋಗಿ ಕೂತಿದ್ದು ಇದೇ ಗುಡ್ಡದ ಮೇಲೆ. ಆಗ ಇದರ ಹೆಸರು ಸ್ಪ್ಲಾಶ್ ಮೌಂಟನ್. 1992ರಿಂದ ಇತ್ತು. 2023ರ ಜನವರಿಯಲ್ಲಿ ಮುಚ್ಚಿದರು. ಗುಡ್ಡ, ಕಾಲುವೆ, ಸುಮಾರು 50 ಅಡಿ ಜಾರು ಎಲ್ಲಾ ಹಾಗೇ ಇಟ್ಟು, ಒಳಗಿನ ಗೊಂಬೆ, ಹಾಡು, ಕಥೆ ಬದಲಾಯಿಸಿ 2024ರ ಜೂನ್‌ನಲ್ಲಿ ತೆರೆದಿದ್ದಾರೆ.

ದೊಡ್ಡಪ್ಪ: ಜಾರು ಅದೇ, ನೀರು ಅದೇ. ಮಗು ಖುಷಿಯಾಗಿದೆ. ಇನ್ನೇನು ಬೇಕು ನಿನಗೆ?

ಫ್ಲಾರಿಡಾ ಅಣ್ಣ: ಕಥೆ ಬೇಕಪ್ಪಾ. ಹಳೆಯದರಲ್ಲಿ ಒಂದು ಮೊಲ ಇತ್ತು. ನರಿ, ಕರಡಿ ಅದನ್ನು ಹಿಡಿಯುತ್ತವೆ. ಮೊಲ ಬೇಡಿಕೊಳ್ಳುತ್ತೆ: ಸುಡು, ನೇಣು ಹಾಕು, ಆ ಮುಳ್ಳಿನ ಪೊದೆಗೆ ಮಾತ್ರ ಎಸೀಬೇಡ. ನರಿ ಅಲ್ಲಿಗೇ ಎಸೆಯುತ್ತೆ. ಮೊಲ ಹುಟ್ಟಿ ಬೆಳೆದಿದ್ದೇ ಆ ಪೊದೆಯಲ್ಲಿ. ನಗುತ್ತಾ ಓಡಿಹೋಗುತ್ತೆ. ನಮ್ಮ ದೋಣಿ ಬೀಳೋದೇ ಆ ಪೊದೆಗೆ. ಈಗ ಡಿಸ್ನಿಯ ಇನ್ನೊಂದು ಸಿನಿಮಾದ, ಕಪ್ಪೆಯಾಗುವ ರಾಜಕುಮಾರಿ ಟಿಯಾನಾ ಹಬ್ಬಕ್ಕೆ ವಾದ್ಯದವರನ್ನು ಹುಡುಕುತ್ತಾಳೆ. ನಾವು ಜೊತೆಗೆ ಹೋಗಿ ಸುಮ್ನೆ ಬೀಳ್ತೀವಿ.

ಸಕಲೇಶಪುರ ಮಾವ: ವಾಲಗದವರನ್ನು ಹುಡುಕೋಕೆ 50 ಅಡಿಯಿಂದ ಬೀಳಬೇಕಾ. ಮದುವೆ ಸೀಸನ್ನಿನಲ್ಲಿ ನಮಗೂ ಹಾಗೇ ಆಗುತ್ತೆ ಬಿಡು.

(ಇಲ್ಲಿ ನನ್ನ ಮಾತು ಒಂದು. ಅಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ. ಬೀಳುವುದಕ್ಕೂ ಒಂದು ಕಾರಣ ಇದ್ದರೆ ಬೀಳುವ ರುಚಿಯೇ ಬೇರೆ. ಮೊಸಳೆಯ ಬೆನ್ನೇರಿ ಹೊರಟ ಮಂಗ "ಎದೆಯನ್ನು ಮರದ ಮೇಲೇ ಬಿಟ್ಟು ಬಂದೆ" ಅಂದ ಕಥೆ ಕೇಳಿ ಬೆಳೆದವರಿಗೆ ಈ ಮೊಲ ಹೊಸಬನೇನಲ್ಲ.)

ಪುಟ್ಟಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಳೆ. ಗುಂಪಿನಲ್ಲಿ ಮಾತಾಡುವುದೇ ಕಡಿಮೆ. ಮಾತಾಡಿದರೆ ಬೆರಳಿಟ್ಟು ತೋರಿಸುತ್ತಾಳೆ.

ಪುಟ್ಟಿ: ಅಣ್ಣ, ಯಾಕೆ ಬದಲಾಯಿಸಿದರು ಅಂತ ನೀನು ಹೇಳಲೇ ಇಲ್ಲ. ಆ ಮೊಲ ಬಂದಿದ್ದು ಡಿಸ್ನಿಯವರದೇ 1946ರ ಒಂದು ಸಿನಿಮಾದಿಂದ. ಜೀತದ ಕಾಲದ ತೋಟಗಳನ್ನು ಸ್ವರ್ಗದ ಹಾಗೆ ತೋರಿಸಿದೆ ಅಂತ ಅದಕ್ಕೆ ಆಗಲೇ ವಿರೋಧ ಇತ್ತು. ಅಮೆರಿಕದಲ್ಲಿ ಅದರ ಕ್ಯಾಸೆಟ್ಟನ್ನೂ ಅವರು ಬಿಡಲಿಲ್ಲ, ಡಿವಿಡಿಯನ್ನೂ ಬಿಡಲಿಲ್ಲ. ತಾವೇ ಕ್ಯಾಸೆಟ್ ಬಿಡದ ಸಿನಿಮಾದ ಮೇಲೆ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುಡ್ಡ ಕಟ್ಟಿದರು!

ಬೇಲೂರು ಅತ್ತೆ: ಮೊಲದ ಕಥೇಲಿ ತಪ್ಪೇನಿದೆ?

ಪುಟ್ಟಿ: ಕಥೇಲಿ ಏನೂ ಇಲ್ಲ ಅತ್ತೆ. ಅದು ಅಲ್ಲಿನ ಕಪ್ಪು ಜನ ಜೀತದಲ್ಲಿದ್ದಾಗ ರಾತ್ರಿ ಮಕ್ಕಳಿಗೆ ಹೇಳುತ್ತಿದ್ದ ಕಥೆ. ಬೇರು ಆಫ್ರಿಕಾದ್ದು. ದುರ್ಬಲ ಬುದ್ಧಿಯಿಂದ ಬಲಶಾಲಿಯನ್ನು ಗೆಲ್ಲೋದು. ಅದನ್ನು ಹೇಳಿಸಿದ ರೀತಿ ಸರಿ ಇರಲಿಲ್ಲ. ಸಿನಿಮಾದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ಆಯಿತು. ಮುಖ್ಯ ಪಾತ್ರ ಮಾಡಿದ ಕಪ್ಪು ನಟ ಜೇಮ್ಸ್ ಬ್ಯಾಸ್ಕೆಟ್ ಅಲ್ಲಿಗೆ ಹೋಗಲಿಲ್ಲ. ಕಪ್ಪು ಜನರನ್ನು ಬೇರೆ ಕೂರಿಸುತ್ತಿದ್ದ ಊರು ಅದು. ಅವರು ಆ ಸಂಭ್ರಮದಲ್ಲಿ ಸೇರುವ ಹಾಗೇ ಇರಲಿಲ್ಲ.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಎರಡು ಸಲ ಬಂತು, ಹೋಯಿತು. ಆಮೇಲೆ ಬಂದಿದ್ದು ಇದು.

ದೊಡ್ಡಪ್ಪ: ಪುಟ್ಟಿ ಹೇಳಿದ್ದು ಸರಿ. ಬದಲಾವಣೆ ಅಂದ ತಕ್ಷಣ ಅಳಬಾರದು. ಬೇಲೂರು ದೇವಸ್ಥಾನವನ್ನೇ ತಗೊಳ್ಳಿ. ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117. ಈಗ ನೀವೆಲ್ಲ ನಿಂತು ಫೋಟೊ ತೆಗೆಸಿಕೊಳ್ಳುವ ರಾಜಗೋಪುರ ಹೊಯ್ಸಳರದ್ದೇ ಅಲ್ಲ. ಹಳೆಯದು ಹಾಳಾದ ಮೇಲೆ 1397ರಲ್ಲಿ ವಿಜಯನಗರದ ದಂಡನಾಯಕ ಗುಂಡ ಕಟ್ಟಿಸಿದ್ದು. ಯಾರಾದರೂ "ಇದು ನನ್ನ ಬೇಲೂರು ಅಲ್ಲ" ಅಂತ ಕೂತಿದ್ದಾರಾ?

ನಾನು ಅಂದುಕೊಂಡೆ, ಮುಗೀತು, ಮೇಷ್ಟ್ರು ಗೆದ್ದರು. ದೊಡ್ಡಪ್ಪ 34 ವರ್ಷ ಪಾಠ ಮಾಡಿದವರು. ಇಸವಿ ಹಿಡಿದು ಹೊಡೆದರೆ ಎದುರು ನಿಲ್ಲುವವರಿಲ್ಲ. ಆದರೆ ಅತ್ತೆ ಇರುವುದೇ ಆ ಗೋಪುರದ ನೆರಳಿನಲ್ಲಿ.

ಬೇಲೂರು ಅತ್ತೆ: ಅಣ್ಣಯ್ಯ, ಗೋಪುರ ಬದಲಾಯಿತು, ಒಳಗಿನ ಚೆನ್ನಕೇಶವ ಬದಲಾದನಾ? ಇವನ ಊರಲ್ಲಿ ಗೋಪುರ ಅದೇ ಇಟ್ಟು ದೇವರನ್ನೇ ಎಬ್ಬಿಸಿದ್ದಾರೆ!

ಸಕಲೇಶಪುರ ಮಾವ: 😂😂😂

ಪುಟ್ಟಿ: ಅತ್ತೆ ಸೂಪರ್. ಆದರೆ ಆ ದೇವರ ಪರಿವಾರವೇ ಇನ್ನೊಂದು ಗುಡಿಯದು. ಕ್ಯಾಲಿಫೋರ್ನಿಯಾದ ಸ್ಪ್ಲಾಶ್ ಮೌಂಟನ್‌ನಲ್ಲಿ ಇದ್ದ ಎಷ್ಟೋ ಗೊಂಬೆಗಳು 1988ರಲ್ಲಿ ಮುಚ್ಚಿದ ಇನ್ನೊಂದು ಪ್ರದರ್ಶನದಿಂದ ಬಿಚ್ಚಿ ತಂದಿದ್ದು. ಆಗಲೂ ಯಾರೋ ಅತ್ತಿರುತ್ತಾರೆ ಅಲ್ವಾ.

ಇಷ್ಟರಲ್ಲಿ ಅಜ್ಜಿ ನನ್ನ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಾ "ಏನು ಗಲಾಟೆ, ಓದು" ಅಂದರು. ಓದಿದೆ. ಕೊನೆಯ ದಿನ ಜನ ಸ್ಪ್ಲಾಶ್ ಮೌಂಟನ್‌ನ ಕಾಲುವೆಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿ, ಇ-ಬೇಯಲ್ಲಿ ಮಾರಾಟಕ್ಕೆ ಇಟ್ಟಿದ್ದರು ಅಂತ ಅಣ್ಣ ಬರೆದಿದ್ದನ್ನೂ ಓದಿದೆ. ಅಜ್ಜಿ ಕಾಯಿ ಕೆಳಗಿಟ್ಟರು. "ತೀರ್ಥಾನಾ?" ಅಂದರು. ಅದನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. ಒಂದೇ ಪದ, ಎರಡು ಸೆಕೆಂಡು. ಆ ದಿನ ಅತಿ ಹೆಚ್ಚು ನಗು ಬಿದ್ದದ್ದು ಅದಕ್ಕೇ.

ಆಮೇಲೆ ಅಣ್ಣನಿಗೆ ಕಟ್ಟೆ ಒಡೆಯಿತು. ಅಲ್ಲಿ ನಡುರಾತ್ರಿ, ನಿದ್ದೆ ಬಿಟ್ಟು ಒಂದರ ಮೇಲೊಂದು ಹಾಕಿದ. ಡಿಸ್ನಿಯ ಇನ್ನೊಂದು ಪಾರ್ಕು ಎಪ್ಕಾಟ್‌ನ ನಾರ್ವೆ ಮಂಟಪದಲ್ಲಿದ್ದ ಮೇಲ್‌ಸ್ಟ್ರಾಮ್ ದೋಣಿಯಾಟವನ್ನು 2014ರಲ್ಲಿ ಮುಚ್ಚಿ, ಅದೇ ಕಾಲುವೆಯಲ್ಲಿ 2016ಕ್ಕೆ ಫ್ರೋಜನ್ ಸಿನಿಮಾದ ಆಟ ತಂದರಂತೆ. ದೋಣಿ ನಡುವೆ ಹಿಂದಕ್ಕೆ ಹೋಗುವುದೂ ಹಾಗೇ ಇದೆಯಂತೆ. ಅವನ ಸಿಟ್ಟು ಏನೆಂದರೆ, ಅದು ನಿಜವಾದ ದೇಶಗಳನ್ನು ತೋರಿಸುವ ಜಾಗ, ಅಲ್ಲಿ ಇಲ್ಲದ ರಾಜ್ಯದ ರಾಣಿಯನ್ನು ಕೂರಿಸಿದ್ದಾರೆ. ಪುಟ್ಟಿ ಸುಮ್ಮನಿರಲಿಲ್ಲ. ಅಲ್ಲಿನ ಇನ್ನೊಂದು ಪಾರ್ಕು ಯೂನಿವರ್ಸಲ್‌ನವರು 2012ರಲ್ಲಿ ಜಾಸ್ ಶಾರ್ಕ್ ಆಟ ತೆಗೆದು, 2014ರಲ್ಲಿ ಅಲ್ಲಿ ಹ್ಯಾರಿ ಪಾಟರ್‌ನ ಡಯಾಗನ್ ಆಲಿ ಕಟ್ಟಿದ್ದನ್ನು ನೆನಪಿಸಿದಳು. "ಅಲ್ಲಿ ನೀನೇ ನಿಂತು ಹನ್ನೊಂದು ಫೋಟೊ ಹಾಕಿದ್ದೆ. ಆಗ ಶಾರ್ಕಿಗೆ ಯಾಕೆ ಅಳಲಿಲ್ಲ?" ಅಣ್ಣ ಅದಕ್ಕೆ ಉತ್ತರ ಕೊಡದೆ ಮುಂದಕ್ಕೆ ಹೋದ. ನಾನು ಗಮನಿಸಿದೆ.

ಫ್ಲಾರಿಡಾ ಅಣ್ಣ: ಸರಿ, ಇದನ್ನು ಕೇಳಿ. ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ 1971ರಿಂದ ಒಂದು ನದಿ ಇತ್ತು. ಇವರೇ ತೋಡಿದ್ದು. ಅದರ ಮೇಲೆ ಹಬೆಯ ದೋಣಿ, ನಡುವೆ ದ್ವೀಪ. 2025ರ ಜುಲೈ 6 ಕೊನೆಯ ದಿನ. ನೀರು ತೆಗೆದು ಅಲ್ಲಿ ಕಾರುಗಳ ಆಟ ಕಟ್ಟುತ್ತಾರೆ.

ಸಕಲೇಶಪುರ ಮಾವ: ಕೆರೆ ಮುಚ್ಚಿ ಕಾರು ಓಡಿಸೋದನ್ನು ಕಲಿಯೋಕೆ ಅವರಿಗೆ 54 ವರ್ಷ ಬೇಕಾಯಿತಾ? ನಮ್ಮ ಕಡೆಯವರನ್ನು ಕೇಳಿದ್ದರೆ ಒಂದು ಬೇಸಿಗೆಯಲ್ಲಿ ಮಾಡಿಕೊಡುತ್ತಿದ್ದರು.

ಇದಕ್ಕೆ ದೊಡ್ಡಪ್ಪನೂ ನಕ್ಕರು. ಆದರೆ ಪಟ್ಟು ಬಿಡಲಿಲ್ಲ.

ದೊಡ್ಡಪ್ಪ: ಬದಲಾದರೆ ನೋಡೋಕಾದರೂ ಇರುತ್ತೆ. 1988ರಲ್ಲಿ ನಿನ್ನನ್ನು ದೆಹಲಿಯ ಅಪ್ಪು ಘರ್‌ಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಏಷ್ಯನ್ ಗೇಮ್ಸ್‌ನ ಆನೆಮರಿ ಅಪ್ಪುವಿನ ಹೆಸರಿನಲ್ಲಿ 1984ರಲ್ಲಿ ಶುರುವಾಗಿದ್ದು. 2008ರಲ್ಲಿ ಮುಚ್ಚಿದರು. ಆ ಜಾಗದಲ್ಲಿ ಈಗ ಸುಪ್ರೀಂ ಕೋರ್ಟಿನ ಹೆಚ್ಚುವರಿ ಕಟ್ಟಡ. ನನ್ನ ಮೊಮ್ಮಗಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಕೋರ್ಟಿಗಾ?

ಫ್ಲಾರಿಡಾ ಅಣ್ಣ: ಅಪ್ಪಾ, ಅಲ್ಲಿ ಕೊಲಂಬಸ್ ಉಯ್ಯಾಲೆ ಹತ್ತಿ ನೀವು ವಾಂತಿ ಮಾಡಿಕೊಂಡಿದ್ದೂ ನೆನಪಿದೆ.

ದೊಡ್ಡಪ್ಪ: ಅದು ಬಿಸಿಲಿಗೆ.

ಇಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಿಸಲು ಬಿಡದವರು ಬೇಲೂರು ಅತ್ತೆ.

ಬೇಲೂರು ಅತ್ತೆ: ನಮ್ಮ ತೇರಿಗೆ ಮರದ ತೊಟ್ಟಿಲು ಬರುತ್ತಿತ್ತಲ್ಲ, ನಾಲ್ಕೇ ಪೆಟ್ಟಿಗೆಯದು. ಕರೆಂಟಿಲ್ಲ, ಮೋಟಾರಿಲ್ಲ. ತಿರುಗಿಸುವವನು ಅಡ್ಡಪಟ್ಟಿಗೆ ಜೋತುಬಿದ್ದು ತನ್ನ ಮೈಭಾರದಿಂದಲೇ ಎಳೆಯುತ್ತಿದ್ದ. ಕಿರ್ರ್ ಅಂದರೆ ಇಳಿದು ಅಚ್ಚಿಗೆ ಹರಳೆಣ್ಣೆ ಬಿಡುತ್ತಿದ್ದ. ಪೆಟ್ಟಿಗೆ ಮೇಲೆ ಬಂದಾಗ ತೇರಿನ ತುದಿಯ ಬಾವುಟ ನಮ್ಮ ಕಣ್ಣಿನ ಸಮಕ್ಕೆ ಕಾಣೋದು. ಈಗ ಬರುವ ಜಾಯಿಂಟ್ ವೀಲ್ ನಾಲ್ಕು ಪಾಲು ದೊಡ್ಡದು, ಬಣ್ಣಬಣ್ಣದ ಲೈಟು. ಅದರಿಂದ ನೋಡಿದರೆ ತೇರು ಬೆಂಕಿಪೊಟ್ಟಣದ ಹಾಗೆ ಕಾಣುತ್ತೆ.

ಪುಟ್ಟಿ: ಅತ್ತೆ, ನಾನು ಚಿಕ್ಕವಳಿದ್ದಾಗ ನೀವೇ ಆ ಜಾಯಿಂಟ್ ವೀಲ್‌ಗೆ ಎರಡು ಸಲ ಟಿಕೆಟ್ ತೆಗೆಸಿದ್ದಿರಿ.

ಬೇಲೂರು ಅತ್ತೆ: ನೀನು ಅಳುತ್ತಿದ್ದೆಯಲ್ಲ, ಅದಕ್ಕೆ.

ಪುಟ್ಟಿ: ನಾನು ಅತ್ತಿದ್ದು ಮೊದಲ ಸಲಕ್ಕೆ. ಎರಡನೆಯದು ನಿಮಗೆ.

ಅತ್ತೆ ಆಫ್‌ಲೈನ್.

ಗುಂಪಿನಲ್ಲಿ ನಾನು ಬರೆದದ್ದು ಒಂದೇ ಸಂದೇಶ, ಸಂಜೆ ಹೊತ್ತಿಗೆ. ಡಿಸ್ನಿಯವರು ಎಲ್ಲವನ್ನೂ ಕಿತ್ತು ಸುಮ್ಮನಾಗಿಲ್ಲ ಅಂತ ತೋರಿಸಲು. 1998ರಲ್ಲಿ ಫ್ಲಾರಿಡಾದ ಮಿಸ್ಟರ್ ಟೋಡ್ ಆಟವನ್ನು, ಅಂದರೆ ನೆಲಗಪ್ಪೆರಾಯನ ಕಾರು ಸವಾರಿಯನ್ನು ತೆಗೆದು, ವಿನ್ನಿ ದ ಪೂ ಕರಡಿಯನ್ನು ತಂದರು. ಜನ ಅಂಗಿಯ ಮೇಲೆ ಕಪ್ಪೆಯ ಚಿತ್ರ ಹಾಕಿಸಿಕೊಂಡು ಪಾರ್ಕಿನ ಒಳಗೇ ಪ್ರತಿಭಟಿಸಿದರು. ಆಟ ಉಳಿಯಲಿಲ್ಲ. ಆದರೆ ಹೊಸ ಆಟದ ಒಳಗೆ ಗೋಡೆಯ ಮೇಲೆ ಒಂದು ಚಿತ್ರ ಇಟ್ಟಿದ್ದಾರೆ: ಕಪ್ಪೆರಾಯ ಜಾಗದ ಪತ್ರವನ್ನು ಗೂಬೆಯ ಕೈಗೆ ಕೊಡುತ್ತಿದ್ದಾನೆ. ಪಕ್ಕದ ಭೂತಬಂಗಲೆಯ ಪ್ರಾಣಿಗಳ ಸ್ಮಶಾನದಲ್ಲಿ ಅವನ ಒಂದು ಪುಟ್ಟ ಪ್ರತಿಮೆಯೂ ಇದೆ. ಕಪ್ಪೆಯನ್ನು ಓಡಿಸಿದವರೇ 26 ವರ್ಷದ ಮೇಲೆ ಟಿಯಾನಾಳ ಜೊತೆ ಇನ್ನೊಂದು ಕಪ್ಪೆಯನ್ನು ಕರೆತಂದಿದ್ದು ಬೇರೆ ವಿಷಯ.

ಸಕಲೇಶಪುರ ಮಾವ: ಖಾತೆ ಬದಲಾವಣೆ ಅಷ್ಟು ಸಲೀಸಾಗಿ ಆಯಿತಾ? ತೋಟದ ದಾರಿಗೆ ಆ ಗೂಬೆಯನ್ನು ಸ್ವಲ್ಪ ಕಳಿಸಿ.

ಅಪಾಯ ಹತ್ತಿರ ಬಂದದ್ದು ಎಲ್ಲರಿಗೂ ಗೊತ್ತಾಯಿತು. ತೋಟದ ದಾರಿ ಬಂದರೆ ಡಿಸೆಂಬರ್‌ವರೆಗೆ ಮುಗಿಯುವುದಿಲ್ಲ. ಯಾರೋ ಬೇಗ ಮಾತು ತಿರುಗಿಸಿದರು: ಅಣ್ಣ ಬಂದಾಗ ಎಲ್ಲರೂ ಬಿಡದಿಯ ವಂಡರ್‌ಲಾಗೆ ಹೋಗೋಣ. ಅದು 2005ರಲ್ಲಿ ಶುರುವಾದದ್ದು. ಪುಟ್ಟಿ ಶಾಲೆಯ ಪ್ರವಾಸದಲ್ಲಿ ಹೋಗಿದ್ದಾಳೆ. ರಿಕಾಯಿಲ್ ರೋಲರ್ ಕೋಸ್ಟರ್ ಹತ್ತಿದರೆ ಹಿಂದಕ್ಕೂ ತಲೆಕೆಳಗಾಗಿ ತಿರುಗುತ್ತದೆ ಅಂದಳು. ದೊಡ್ಡಪ್ಪ ಬಿಸಿಲು ಇಲ್ಲದ ತಿಂಗಳು ನೋಡಿ ಅಂದರು.

ಫ್ಲಾರಿಡಾದಲ್ಲಿ ಬೆಳಗಾದ ಮೇಲೆ ಅಣ್ಣನ ಮಗಳ ವಾಯ್ಸ್ ಮೆಸೇಜ್ ಬಂತು. ಅವಳ ಕನ್ನಡ ಸ್ವಲ್ಪ ತೊದಲು: "ತಾತ, ನಾನು ಮೂರು ಸಲ ಹೋದೆ. ಅಪ್ಪ ಮೂರು ಸಲನೂ ಕಿರುಚಿದ. ಹಳೇದು ಚೆನ್ನಾಗಿತ್ತು ಅಂತ ಕೆಳಗೆ ಬಂದ ಮೇಲೆ ಹೇಳಿದ." ಅಣ್ಣ ಅದಕ್ಕೆ ಏನೂ ಹೇಳಲಿಲ್ಲ. ಟೋಕಿಯೊದಲ್ಲಿ ಹಳೆಯ ಸ್ಪ್ಲಾಶ್ ಮೌಂಟನ್ ಇನ್ನೂ ಇದೆ, ಒಂದು ದಿನ ಅಲ್ಲಿಗೆ ಹೋಗುತ್ತೇನೆ ಅಂತ ಮಾತ್ರ ಬರೆದ. ಟಿಕೆಟ್ ದರ ಎಷ್ಟು ಅಂತ ದೊಡ್ಡಪ್ಪ ಕೇಳಿದರು.

ಸೋಮವಾರ ಬೆಳಗ್ಗೆ ಆರಕ್ಕೆ ಫೋನ್ ಟಿಣ್ ಅಂತು. ದೊಡ್ಡಪ್ಪನ ಶುಭೋದಯ. ಗುಲಾಬಿ ಇಲ್ಲ. ಈ ಸಲ ಕಮಲ, ಹೊಳೆಯುವ ಅಕ್ಷರ, ಹಿಂದೆ ಕೊಳಲಿನ ಸಂಗೀತ ಬೇರೆ.

6:04, ಬೇಲೂರು ಅತ್ತೆ: ಅಣ್ಣಯ್ಯ, ಹುಷಾರಾಗಿದ್ದೀರಾ? ಗುಲಾಬಿ ಎಲ್ಲಿ?

6:05, ಸಕಲೇಶಪುರ ಮಾವ: ಗುಲಾಬಿ ಯಾಕೆ ತೆಗೆದಿರಿ?

6:09, ಪುಟ್ಟಿ: ದೊಡ್ಡಪ್ಪಾ, ಹಳೇದೇ ಹಾಕಿ ಪ್ಲೀಸ್.